ಕಿವಿಯ ಹಿಂದಿನ ಬೆರಳು

ಬೇಡ ಟೀಚರೇ, ಕೈ ಕೆಳಗೆ ಹಾಕಿ! ಎಷ್ಟು ಸಲ ಅದನ್ನೇ ಮಾಡಿ ತೋರಿಸ್ತೀರಿ? ಒಮ್ಮೆ ನೋಡಿದೆ, ಸಾಕು. ಎರಡು ಬೆರಳು ಕಿವಿಯ ಹಿಂದೆ ಸಿಕ್ಕಿಸುದು... ಆಯ್ತು, ಗೊತ್ತಾಯ್ತು. ಅದಕ್ಕೆ ಅರ್ಥ ಇಲ್ಲ ಅಂತ ಆಗಲೇ ಹೇಳಿದೆನಲ್ಲ. ಸಣ್ಣದಿರುವಾಗ ಹಮೀದನಿಗೆ ಕಿವಿ ಸೋರ್ತಿತ್ತು, ತುರಿಕೆ. ಅದೇ ಅಭ್ಯಾಸ ಉಳಿದದ್ದು. ಹೆತ್ತವಳು ನಾನು, ನನ್ನ ಮಗನ ಕೈ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು, ನೀವೇ ಹೇಳಿ!

ಸ್ವಲ್ಪ ಮೆಲ್ಲ... ಅಲ್ಲ, ನೀವು ಮಾತಾಡುದೇ ಮೆಲ್ಲ. ದೊಡ್ಡ ಸ್ವರ ನನ್ನದೇ. ಬೇಲಿಯ ಆಚೆ ಅಲೀಮಮ್ಮ ನಿಂತಿದ್ದಾಳೆ, ಕಂಡಿತಾ? ಬಟ್ಟೆ ಒಣಗಿಸ್ಲಿಕ್ಕಂತೆ. ಅದೇ ಒಂದು ಲುಂಗಿಯನ್ನು ಎಷ್ಟು ಹೊತ್ತಿನಿಂದ ಕೊಡವ್ತಾ ಇದ್ದಾಳೆ ನೋಡಿ. ಲುಂಗಿ ಹರಿಯುದು ಬಾಕಿ! ನಿಮ್ಮ ಕಾಗದ ಬಂದಾಗಲೇ ಅವಳ ಹತ್ತಿರ ನಾನು, ನೀವು ಬೋರ್ಡಿಂಗ್ ಶಾಲೆಯ ಟೀಚರ್ ಅಂತ ಹೇಳಿದ್ದೇನೆ. ಸುಳ್ಳಲ್ಲ ಅಲ್ವಾ? ಅಲ್ಲಿ ಮಕ್ಕಳು ಮಲಗ್ತಾರೆ, ಊಟ ಮಾಡ್ತಾರೆ, ನೀವು ಕಲಿಸ್ತೀರಿ. ಹಾಗಾದ್ರೆ ಬೋರ್ಡಿಂಗ್ ಶಾಲೆಯೇ. ಬಾಗಿಲಿಗೆ ಬೀಗ ಉಂಟು ಅಂತ ಈ ಆಲಂಕಾರು ಊರಿನವರಿಗೆಲ್ಲ ಯಾಕೆ ಗೊತ್ತಾಗಬೇಕು? 'ನೆಬೀಸಳ ಮಗ ಘಟ್ಟದ ಮೇಲೆ ಓದ್ತಾನೆ' ಅಂತ ಹೇಳಿಕೊಂಡು ಬಂದಿದ್ದೇನೆ ಈವರೆಗೆ. ಓದ್ತಾನೆ ಅಂತ ಹೇಳುವಾಗ ಎಂತ ಖುಷಿ ಆಗ್ತದೆ ಗೊತ್ತುಂಟಾ ನಿಮಗೆ? ಇಲ್ಲಿಯ ಶಾಲೆಯಲ್ಲಿ ಅವನನ್ನು ಒಂದು ದಿನವೂ ಕೂರಿಸಿಕೊಂಡಿಲ್ಲ. ಮೇಷ್ಟ್ರು ಪಾಪ, ಒಳ್ಳೆಯವರೇ. 'ಕಿವಿ ಕೇಳದವನಿಗೆ ನಾನು ಯಾವ ಬಾಗಿಲಿಂದ ಕಲಿಸಲಿ ನೆಬೀಸ?' ಅಂದ್ರು. ಉಸ್ತಾದರು ಮದ್ರಸದಲ್ಲಿ ಮೂಲೆಯಲ್ಲಿ ಕೂತ್ಕೊಳ್ಳಲಿ ಅಂದ್ರು. ಕೂತ. ಅಲಿಫ್ ಅಕ್ಷರ ಬರೆದ, ಚಂದ ಬರೆದ. ಅದು ಎಂತ ಅಂತ ಅವನಿಗೆ ಹೇಳುವವರು ಯಾರು?

ಚಹಾ ಕುಡಿಯಿರಿ, ಆರ್ತದೆ. ನಾನು ಬೀಡಿ ಸುತ್ತಿಕೊಂಡೇ ಮಾತಾಡ್ತೇನೆ, ಬೇಜಾರು ಮಾಡ್ಬೇಡಿ. ನಾಳೆ ಕಟ್ಟು ಕೊಡದಿದ್ರೆ ಬೀಡಿ ಬ್ರಾಂಚಿನವ ಎಲೆ ಕೊಡುದಿಲ್ಲ. ಮತ್ತೆ ನಿಮಗೆ ನಾಲ್ಕು ಗಂಟೆಯ ಬಸ್ಸು ಉಂಟು. ಅದರಲ್ಲೇ ಹೋಗಿಬಿಡಿ, ಆಯ್ತಾ? ಅದರ ನಂತರದ್ದು ತುಂಬಾ ರಶ್ಶು, ನಿಮ್ಮಂಥವರಿಗೆ ಆಗ್ಲಿಕ್ಕಿಲ್ಲ. ಪುತ್ತೂರು ಮುಟ್ಟುವಾಗ ಕತ್ತಲೆ ಆಗ್ತದೆ.

ಎಂತ? ಅವನ ಕೈಭಾಷೆ ಪೂರ್ತಿ ಬೇಕಾ ನಿಮಗೆ? ಓ, ಅದಕ್ಕೆಂತ, ಅದು ಕೊಡುವ! ಅದು ಬೇಕಾದಷ್ಟು ಉಂಟು. ನೋಡಿ, ಗಂಟಲ ಮೇಲಿಂದ ಬೆರಳು ಇಳಿಸಿದ್ರೆ ನೀರು. ಅಂಗೈ ಗುಳಿ ಮಾಡಿ ಬಾಯಿಗೆ ತಂದ್ರೆ ಗಂಜಿ. ಇದು? ಹೀಗೆ ಅಂಗೈ ಕುಣಿಸಿಕೊಂಡು ಹೋದ್ರೆ? ಹ್ಞಾ, ಮೀನು! ಬಂತಲ್ಲ ನಿಮಗೆ. ಗಡ್ಡ ಸವರಿದ್ರೆ ಉಸ್ತಾದರು. ಸೊಂಟಕ್ಕೆ ಕೈ ಕೊಟ್ಟು ಕುತ್ತಿಗೆ ಹೀಗೆ ಬೇಲಿ ಮೇಲೆ ಚಾಚಿದ್ರೆ... ನಗ್ಬೇಡಿ ಮಾರಾಯ್ರೆ, ಅವಳಿಗೆ ಕಾಣ್ತದೆ! ಹೌದು, ಅಲೀಮಮ್ಮನೇ. ಅವಳೆದುರೇ ಮಾಡ್ತಿದ್ದ ಕಳ್ಳ.

ಅವನಿಗೆ ಹೆಸರು ಕೇಳ್ತದಾ? ಇಲ್ಲ. ಯಾರಲ್ಲಿ ಎಂತ ಕಂಡಿತೋ ಅದೇ ಅವರ ಹೆಸರು. ನಾನು ಅಂದ್ರೆ ಇದು, ಹೆಬ್ಬೆರಳಿಗೆ ತೋರುಬೆರಳು ಉಜ್ಜುದು. ಬೀಡಿ ಸುತ್ತುವ ಕೈ. ತೊಟ್ಟಿಲಿನಲ್ಲಿ ಇದ್ದಾಗಿಂದ ಅವ ನನ್ನನ್ನು ಕಂಡದ್ದೇ ಹೀಗೆ, ಈ ಮೊರ, ಈ ತಡ್ಪೆ ಮಡಿಲಲ್ಲಿ, ಎಲೆ, ಪುಡಿ, ನೂಲು. ಹಸಿವಾದ್ರೆ ಕೂಗುದಲ್ಲ, ಎದುರು ಬಂದು ನಿಂತು ಹೀಗೆ ಬೆರಳು ಉಜ್ಜುದು. ಉಮ್ಮ, ಅಂತ.

ಅಲ್ಲಿ ಮಾಡ್ತಾನಾ ಇದನ್ನು? ನೀವು ನೋಡಿದ್ದೀರಾ?

ಒಮ್ಮೆಯೂ?

...ಇರ್ಲಿ. ಮರೆತಿರ್ಬೇಕು. ಎರಡು ವರ್ಷ ಆಯ್ತಲ್ಲ.

ಯಾರು, ಅವನ ಅಣ್ಣನಾ? ಉಸ್ಮಾನಿಗಾ? ಉಸ್ಮಾನಿಗೆ... ಅವನಿಗೆ ಅಂತ ಬೇರೆ ಸನ್ನೆ ಎಂತ ಇಲ್ಲ. ಮನೆಯಲ್ಲೇ ಇದ್ದವ, ಸುಮ್ಮನೆ ಬೆರಳು ತೋರಿಸಿದ್ರೆ ಆಯ್ತು. ಹಾಗೆ ಎಂತ ನೋಡುದು? ಓ, ಇದಾ? ತಲೆವಸ್ತ್ರ. ಹಳೆಯದಾಗಿ ನುಣುಪು ಬಂದಿದೆ, ಕಿವಿಯ ಮೇಲೆ ನಿಲ್ಲುದೇ ಇಲ್ಲ, ಸಿಕ್ಕಿಸ್ತಾ ಇರ್ಬೇಕು.

ಉಸ್ಮಾನ್ ಒಳ್ಳೆಯ ಹುಡುಗ ಟೀಚರೇ. ಅವರ ಉಪ್ಪ, ನನ್ನ ಗಂಡ, ಬೊಂಬಾಯಿಗೆ ಹೋಟೇಲು ಕೆಲಸಕ್ಕಂತ ಹೋದವರು ಇದ್ದಾರೋ ಇಲ್ಲವೋ ಅಲ್ಲಾಹುವಿಗೇ ಗೊತ್ತು. ಅಂದಿನಿಂದ ಈ ಮನೆಯ ಕಂಬ ಅವನೇ. ಈಗ ಕಡಬದ ಬಸ್ಸಿನಲ್ಲಿ ಕಂಡಕ್ಟರು. ಖಾಕಿ ಅಂಗಿ, ಕುತ್ತಿಗೆಗೆ ಚರ್ಮದ ಚೀಲ. ಮೊದಲು ಸ್ವಲ್ಪ... ಪೋಲಿಗಳ ಜತೆ ಇದ್ದ. ಈಗ ಇಲ್ಲ. ಈಗ ಐದು ಹೊತ್ತಿನ ನಮಾಜು. ಮನುಷ್ಯ ಸರಿ ಆದ ಮೇಲೆ ಹಳೆಯದನ್ನು ಕೆದಕಬಾರದು ಅಲ್ವಾ?

ನೀವು ಹ್ಞೂಂ ಅನ್ನಿ ಒಮ್ಮೆ. ಬರೀ ತಲೆ ಆಡಿಸಿದ್ರೆ ನನಗೆ ಧೈರ್ಯ ಬರುದಿಲ್ಲ.

ನೀವು ಕಾನ್ವೆಂಟಿನಲ್ಲಿ ಕಲಿತವರು ಅಂತ ನಿಮ್ಮ ಕನ್ನಡ ಕೇಳಿಯೇ ಗೊತ್ತಾಯ್ತು. ಒಂದೊಂದೇ ಮಾತು ತೂಗಿ ಇಡ್ತೀರಿ. ನಿಮ್ಮ ಕ್ಲಾಸಿನಲ್ಲಿ ಮಾತು ಬಾರದ ಮಕ್ಕಳು ಎಷ್ಟು ಜನ? ಕಣ್ಣು ಕಾಣದವರೂ? ಬುದ್ಧಿ ಸ್ವಲ್ಪ ನಿಧಾನದವರೂ? ಯಾ ಅಲ್ಲಾ, ಅಷ್ಟು ಮಕ್ಕಳನ್ನು ಪೋಲೀಸರು ಹಿಡಿದು ತಂದದ್ದಾ? ಓಡಲಿಕ್ಕೆ ಗೊತ್ತಿರುವವರು ಓಡ್ತಾರೆ, ಸಿಕ್ಕಿಬೀಳುದು ಇಂಥವೇ. ಮತ್ತೆ ಹೇಗೆ ಕಲಿಸುದು? ಮೇಣದ ಬತ್ತಿ ಹಚ್ಚಿ ಬಾಯಿ ಮುಂದೆ ಹಿಡಿಯುದಾ? 'ಪ' ಅಂದ್ರೆ ಬೆಂಕಿ ಅಲ್ಲಾಡಬೇಕಾ! ಹಮೀದ್ ಅಲ್ಲಾಡಿಸಿದನಾ? ಅಲ್ಲಾಡಿಸಿರ್ತಾನೆ, ಜಾಣ ಅವ. 'ಮ' ಬರ್ತದಾ ಅವನಿಗೆ? ತುಟಿ ಮುಚ್ಚಿ, ನಿಮ್ಮ ಗಂಟಲಿಗೆ ಅವನ ಕೈ ಇಡಿಸಿ... ಬರ್ತದಾ? ಹಾಗಾದ್ರೆ ಟೀಚರೇ, ಉಮ್ಮ ಅನ್ನಲಿಕ್ಕೂ ಅಷ್ಟೇ ಅಲ್ವಾ ಬೇಕಾದ್ದು? 'ಉ' ಒಂದು ಸೇರಿಸಿದ್ರೆ ಆಯ್ತಲ್ಲ? ಹೇಳಿಸಿ ನೋಡಿದ್ದೀರಾ?

ಬಾಯಿ ಮುಚ್ಚಿಕೊಂಡನಾ. ಎರಡೂ ಕೈಯಿಂದ.

ಹ್ಞೂಂ. ಈ ನೂಲೊಂದು, ಮಾತಾಡುವಾಗಲೇ ತುಂಡಾಗುದು.

ನೀವು ಯಾಕೆ ತಲೆ ತಗ್ಗಿಸ್ತೀರಿ? ಎಂತ? ನೀವೂ ಅವನ ಕೈಗೆ ಹೊಡೆದಿದ್ದೀರಾ? ಸನ್ನೆ ಮಾಡಿದ್ರೆ ಬಾಯಿ ಕಲಿಯುದಿಲ್ಲ, ಕೈ ಬೆನ್ನ ಹಿಂದೆ ಇಟ್ಟು ಕೂರಿಸಿ ಅಂತ ನಿಮಗೆ ಟ್ರೈನಿಂಗಿನಲ್ಲಿ ಹೇಳಿದ್ದಾ? ಅದಕ್ಕೆ ಎಂತ ಮಾಡುದು, ಕಲಿಸಿದ ಹಾಗೆ ನೀವು ಮಾಡಿದಿರಿ. ಅಳ್ಬೇಡಿ ತಾಯಿ. ನೀವಾದ್ರೂ ಬಂದಿರಿ ಇಷ್ಟು ದೂರ. ಎರಡು ಬಸ್ಸು ಬದಲಿಸಿ, ವಾಂತಿ ಮಾಡಿಕೊಂಡು, ನಮ್ಮ ಮನೆ ಹುಡುಕಿ. ನಾನು ಒಮ್ಮೆ ಹೋಗಿದ್ದೇನಾ? ಕೇಳಿ, ಕೇಳಿ ನನ್ನನ್ನು. ಎರಡು ವರ್ಷದಲ್ಲಿ ಒಮ್ಮೆ ಹೋಗಿ ಮಗನ ಮುಖ ನೋಡಿದ್ದೇನಾ?

ಬೀಡಿ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ. ಅದಕ್ಕೇ. ಬೇರೆಂತ ಇಲ್ಲ.

ಅವ ಕದ್ದದ್ದು ಹೇಗೆ ಅಂತವಾ? ಅದು ನಿಮ್ಮ ಆಫೀಸಿನಲ್ಲಿ ಗೊತ್ತಿರ್ಬೇಕಲ್ಲ. ಮಹಾಗಣಪತಿ ಭಟ್ಟರ ಅಂಗಳದಲ್ಲಿ ಕರಿಮೆಣಸು ಒಣಗಿಸಿ ಗೋಣಿ ತುಂಬಿಸಿ ಇಟ್ಟಿದ್ರು. ಅದರಲ್ಲಿ ಒಂದು ಗೋಣಿ ಹೊತ್ತುಕೊಂಡು ಹೋಗುವಾಗ ಸಿಕ್ಕಿದ. ಹನ್ನೆರಡು ವರ್ಷದವ, ಆದ್ರೆ ಬಲ ನೋಡ್ಬೇಕು ನೀವು! ಹಾಡು ಹಗಲು, ನಡು ಮಾರ್ಗದಲ್ಲಿ, ತಲೆಯ ಮೇಲೆ ಗೋಣಿ. ಎದುರು ಬಂದ ಭಟ್ಟರಿಗೇ ನಗಾಡಿ ತಲೆ ಬಾಗಿಸಿದನಂತೆ! ಕಳ್ಳನಾದ್ರೆ ಹಾಗೆ ಹೋಗ್ತಾನಾ? ಯಾರೋ ಕೊಟ್ಟದ್ದು, ಹೊರು ಅಂದ್ರು, ಹೊತ್ತ, ಅಷ್ಟೇ ಗೊತ್ತು ಅವನಿಗೆ...

ಅಲ್ಲ. ಹಾಗೆ ಅಲ್ಲ. ಮಕ್ಕಳಲ್ವಾ, ತೆಗೆದುಕೊಂಡಿರ್ತಾನೆ. ತಾನೇ. ಭಟ್ಟರದ್ದು ತಪ್ಪಿಲ್ಲ, ಅವರು ಪೋಲೀಸಿಗೆ ಕೊಡುದು ಬೇಡ ಅಂದವರು. ಊರವರು ಬಿಡಲಿಲ್ಲ.

ಪುತ್ತೂರಿನಲ್ಲಿ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಿದ್ರು ಅವನನ್ನು. ಚಡ್ಡಿ ದೊಡ್ಡದು, ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. 'ಯಾರು ಕೊಟ್ಟದ್ದು? ನೀನೇ ತೆಗೆದದ್ದಾ?' ಅಂತ ಕೇಳ್ತಾರೆ ಅವರು. ಯಾರನ್ನು ಕೇಳುದು? ಅವ ಅವರ ಕನ್ನಡಕ ನೋಡ್ತಾ ನಿಂತಿದ್ದಾನೆ. ಆಗ ವಕೀಲರು ಹೇಳಿದ್ದು, 'ತಾಯಿಗೆ ಇವನ ಕೈ ಅರ್ಥ ಆಗ್ತದೆ ಸ್ವಾಮಿ, ತಾಯಿಯೇ ಹೇಳ್ಲಿ' ಅಂತ. ನನ್ನನ್ನು ಮುಂದೆ ಕರೆದ್ರು. ಸತ್ಯ ಬಿಟ್ಟು ಬೇರೆ ಹೇಳುದಿಲ್ಲ ಅಂತ ಹೇಳಿಸಿದ್ರು. ಹೇಳಿದೆ. ಮತ್ತೆ ನಾನು ಅವನಿಗೆ ಕೈಯಲ್ಲಿ ಕೇಳಿದೆ, ಗೋಣಿ, ಯಾರು?

ಎಷ್ಟು ಖುಷಿ ಆಯ್ತು ಗೊತ್ತುಂಟಾ ಅವನಿಗೆ! ಅಷ್ಟು ಹೊತ್ತು ಯಾರೂ ಕೇಳಿರ್ಲಿಲ್ಲವಲ್ಲ. ಚಡ್ಡಿ ಬಿಟ್ಟುಬಿಟ್ಟ. ಎರಡೂ ಕೈಯಲ್ಲಿ ಹೇಳಿದ. ನೀವು ಈಗ ಮಾಡಿ ತೋರಿಸಿದಿರಲ್ಲ, ಹಾಗೆಯೇ. ಮೊದಲು ಅದು. ಮತ್ತೆ ತಲೆಯ ಮೇಲೆ ಕೈ, ಅದು ಹೊರುದು. ಮತ್ತೆ ಮಾರ್ಗದ ಕಡೆಗೆ ಕೈ ಉದ್ದ. ಜನ ನಗಾಡಿದ್ರು, ಚಡ್ಡಿ ಜಾರಿದ್ದಕ್ಕೆ.

ನಾನು ಹೇಳಿದೆ, 'ಹೊತ್ತುಕೊಂಡು ಹೋದೆ ಅಂತಾನೆ ಸ್ವಾಮಿ.'

ಅವರು ಬುದ್ಧಿವಂತರು. ಕೇಳಿದ್ರು, 'ಮೊದಲು ಕಿವಿಯ ಹತ್ತಿರ ಮಾಡಿದ್ದು ಎಂತದು?' ಅಂತ.

'ಅದಕ್ಕೆ ಅರ್ಥ ಇಲ್ಲ, ಅವನ ಅಭ್ಯಾಸ' ಅಂದೆ.

ಅಷ್ಟೇ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವ ನನ್ನ ಬಾಯಿಯನ್ನೇ ನೋಡ್ತಾ ಇದ್ದ. ಆದ್ರೆ ಕೇಳುದಿಲ್ಲ ಅಲ್ವಾ ಟೀಚರೇ ಅವನಿಗೆ? ನೀವು ಪರೀಕ್ಷೆ ಮಾಡಿದ್ದೀರಿ. ಸ್ವಲ್ಪವೂ ಕೇಳುದಿಲ್ಲ ಅಲ್ವಾ? ಬೊಬ್ಬೆ ಹಾಕಿದ್ರೂ? ಹಾಗಾದ್ರೆ ನಾನು ಎಂತ ಹೇಳಿದೆ ಅಂತ ಅವನಿಗೆ ಗೊತ್ತಾಗ್ಲಿಕ್ಕೆ ದಾರಿಯೇ ಇಲ್ಲ.

ತುಟಿ ನೋಡಿ ತಿಳಿಯುದಾ... ಅದು ನೀವು ಈಗ ಕಲಿಸಿದ್ದಲ್ವಾ? ಆಗ ಗೊತ್ತಿರ್ಲಿಕ್ಕಿಲ್ಲ. ಆಗ ಗೊತ್ತಿರ್ಲಿಕ್ಕೇ ಇಲ್ಲ.

ಆದ್ರೂ ಒಂದು... ಪೋಲೀಸು ದೇರಣ್ಣ ಅವನ ರಟ್ಟೆ ಹಿಡಿದಾಗ, ಅವ ನನ್ನನ್ನು ನೋಡಿ ಪುನಃ ಮಾಡಿದ. ಮೊದಲಿನದ್ದನ್ನೇ. ನಿಧಾನ, ಒಂದೊಂದೇ. ನನಗೆ ಅರ್ಥ ಆಗಿಲ್ಲ ಅಂತ ಎಣಿಸಿದ ಹುಡುಗ. ತಾನು ಸರಿ ಮಾಡಿಲ್ಲವೋ ಎಂತವೋ ಅಂತ, ಚಂದ ಮಾಡಿ ತೋರಿಸಿದ.

ಅಲ್ಲಿಯೂ ಅದನ್ನೇ ಮಾಡ್ತಾ ಇದ್ದಾನೆ ಅಂತೀರಿ. ಬಂದವರಿಗೆಲ್ಲ. ಅಡಿಗೆಯವನಿಗೆ, ಕ್ಷೌರದವನಿಗೆ, ಗೇಟಿನ ಕಾವಲಿನವನಿಗೆ. ಅರ್ಥ ಆಗದಿದ್ರೆ ಬೊಬ್ಬೆ, ತಲೆ ಗೋಡೆಗೆ ಬಡಿಯುದು. ಮತ್ತೆ... ಟವೆಲಿನಲ್ಲಿ ಕೈ ಕಟ್ಟಿ ಹಾಕುದು. ಕಟ್ಟಿದ್ರೆ ಹೇಗೆ ಟೀಚರೇ? ಅವನಿಗೆ ಅದು ಬಾಯಿ ಅಲ್ವಾ? ಕೈ ಕಟ್ಟಿದ್ರೆ ನೀರು ಬೇಕು ಅಂತ ಹೇಗೆ ಕೇಳುದು ಮಗು?

ಹುಚ್ಚು ಅಂತ ಯಾರು ಹೇಳಿದ್ದು? ಡಾಕ್ಟ್ರು ನೋಡಿಯೂ ಆಯ್ತಾ? ಬರುವ ವಾರ ಬರುದಾ? ಬಂದು, ಹುಚ್ಚು ಅಂತ ಬರೆದ್ರೆ... ಹುಚ್ಚಾಸ್ಪತ್ರೆಗಾ? ಸಣ್ಣ ಮಕ್ಕಳನ್ನೂ ಹಾಕ್ತಾರಾ ಅಲ್ಲಿಗೆ? ಅಲ್ಲಿಂದ ಯಾವಾಗ ಬಿಡುದು?

ಬಿಡುದಿಲ್ವಾ.

ಶಾಲೆ ಅಂದಿದ್ರು ಟೀಚರೇ! ದೇರಣ್ಣನೇ ಹೇಳಿದ್ದು, ಕೋರ್ಟಿನ ಜಗಲಿಯಲ್ಲಿ. 'ನೆಬೀಸಾ, ಸಣ್ಣವ ಆದ್ರೆ ಜೈಲಿಲ್ಲ ಮಾರಾಯ್ತಿ, ಶಾಲೆ. ಮೂರು ಹೊತ್ತು ಊಟ, ಬಟ್ಟೆ, ಬಡಗಿ ಕೆಲಸವೋ ಎಂತವೋ ಕಲಿಸ್ತಾರೆ. ಹದಿನೆಂಟು ದಾಟಿದವ ಆದ್ರೆ ಜೈಲು' ಅಂತ. ನಾನೆಂತ ಎಣಿಸುದು? ಯಾವ ಶಾಲೆಯೂ ಬೇಡ ಅಂದ ಹುಡುಗನಿಗೆ ಸರ್ಕಾರವೇ ಶಾಲೆ ಕೊಡ್ತದೆ. ಇವನಿಗೆ ಶಾಲೆ, ಅವನಿಗೆ ಜೈಲು... ಅದರಲ್ಲಿ ಯಾವುದನ್ನು ಆರಿಸ್ತಾಳೆ ಒಬ್ಬ ತಾಯಿ? ನೀವಾದ್ರೆ ಯಾವುದನ್ನು...

ಯಾರಿಗೆ ಜೈಲಾ? ಯಾರಿಗೂ ಇಲ್ಲ. ನಾನು ಹಾಗೆ ಹೇಳ್ಲಿಲ್ಲ. ದೇರಣ್ಣ ಹೇಳಿದ್ದನ್ನು ಹೇಳಿದೆ ಅಷ್ಟೇ. ದೊಡ್ಡವರು ಆದ್ರೆ, ಅಂತ. ಸುಮ್ಮನೆ ಮಾತಿಗೆ.

ಹೊತ್ತಾಯ್ತು ನೋಡಿ, ನಾಲ್ಕರ ಬಸ್ಸು ಬರ್ಲಿಕ್ಕಾಯ್ತು. ಏಳಿ, ಏಳಿ. ಮಾರ್ಗದವರೆಗೆ ನಾನೇ ಬಿಡ್ತೇನೆ. ಡಾಕ್ಟ್ರಿಗೆ ಹೇಳಿ, ತಾಯಿ ಹೇಳಿದ್ದಾಳೆ, ಹುಚ್ಚಲ್ಲ, ಹುಟ್ಟಿದಾಗಿಂದ ಇರುವ ಅಭ್ಯಾಸ ಅಂತ. ಅಷ್ಟು ಸಾಕಲ್ಲ? ಸಾಕಾಗುದಿಲ್ವಾ? ಅದು ಮಾತು ಅಂತ ಆಗಬೇಕಾ? ಅದಕ್ಕೊಂದು ಅರ್ಥ ಉಂಟು, ಇಂಥದ್ದು ಅಂತ ಯಾರಾದ್ರೂ ಹೇಳಿದ್ರೆ ಮಾತ್ರ... ಇಲ್ಲದಿದ್ರೆ ಹುಚ್ಚು.

ನೋಡಿ, ಇಷ್ಟು ಬೇಕಾದ್ರೆ ಹೇಳ್ತೇನೆ. ಅದು ಒಂದು ಹಕ್ಕಿ. ಹ್ಞಾ, ಹಕ್ಕಿ. ಮನೆಯಲ್ಲಿ ಒಂದು ಗಿಳಿ ಇತ್ತು, ಹೆಗಲ ಮೇಲೆ ಕೂತು ಕಿವಿ ಕಚ್ಚುದು. ಅದು ಹಾರಿಹೋಯ್ತು, ಅದನ್ನು ನೆನಪು ಮಾಡುದು. ಇದನ್ನು ಹೇಳಿ ಡಾಕ್ಟ್ರಿಗೆ. ಉಸ್ಮಾನನೇ ಹಿಡಿದು ತಂದ ಗಿಳಿ. ಉಸ್ಮಾನನ ಹತ್ತಿರ ಬೇಕಾದ್ರೆ... ಬೇಡ, ಉಸ್ಮಾನನ ಹತ್ತಿರ ಕೇಳುದು ಬೇಡ, ಅವನಿಗೆ ಹಮೀದನ ಸುದ್ದಿ ಎತ್ತಿದ್ರೆ ಅನ್ನ ಇಳಿಯುದಿಲ್ಲ, ತಟ್ಟೆ ಬಿಟ್ಟು ಏಳ್ತಾನೆ. ಉಸ್ಮಾನ್ ಪಾಪ...

ಯಾಕೆ ಕೂತೇ ಇದ್ದೀರಿ?

ಟೀಚರೇ.

ನನ್ನ ಮುಖ ನೋಡಿ ಮಾತಾಡಿ. ಎಲ್ಲಿ ನೋಡುದು ನೀವು? ಬಂದಾಗಿಂದ ಹಾಗೆಯೇ ನೋಡ್ತಿದ್ದೀರಿ, ಮುಖ ಬಿಟ್ಟು... ತಲೆವಸ್ತ್ರ ಅಂತ ಹೇಳಿದೆನಲ್ಲ. ಜಾರ್ತದೆ. ಈಗಲೂ ಜಾರಿದ್ದೇ...

ಜಾರಿಲ್ಲ.

ಜಾರಿಲ್ಲ ಅಲ್ವಾ. ಪಿನ್ನು ಹಾಕಿದ್ದೇನೆ, ನೀವು ಬರ್ತೀರಿ ಅಂತ ಬೆಳಿಗ್ಗೆಯೇ.

ಈ ಕೈ... ಇದು ಯಾವಾಗಿಂದ ಇಲ್ಲಿ ಉಂಟು? ಉಸ್ಮಾನ್ ಅಂತ ಹೇಳುವಾಗೆಲ್ಲ... ನೋಡಿ, ಈಗಲೂ! ನಾನು ಎತ್ತಿದ್ದಲ್ಲ, ಅಲ್ಲಾಹನಾಣೆ, ನಾನಲ್ಲ. ಹತ್ತು ಹನ್ನೆರಡು ವರ್ಷ ಆ ಹುಡುಗನ ಹತ್ತಿರ ಹಾಗೇ ಮಾತಾಡಿದ ಕೈ. ಬಾಯಿ ಉಸ್ಮಾನ್ ಅನ್ನುವಾಗ ಅದೂ ಅನ್ನುದು. ನನಗೆ ಗೊತ್ತೇ ಆಗ್ಲಿಲ್ಲ. ಯಾ ರಬ್ಬೇ. ಕೋರ್ಟಿನಲ್ಲಿ ಮಾತ್ರ ನಾನು ಅವನ ಹೆಸರು ಎತ್ತಿರ್ಲಿಲ್ಲ.

ಬೈಯಿರಿ. ಹಾಗೆ ನೋಡ್ಬೇಡಿ, ಕೋರ್ಟಿನಲ್ಲಿ ಹಮೀದನೂ ಹಾಗೆಯೇ ನೋಡ್ತಿದ್ದ.

ಉಸ್ಮಾನ್ ತಡ್ಪೆಯಿಂದ ಒಂದು ಬೀಡಿ ಕದ್ದು ಕಿವಿಯ ಹಿಂದೆ ಸಿಕ್ಕಿಸ್ತಿದ್ದ, ಸಣ್ಣದಿರುವಾಗಿಂದ. ನಾನು ಬೈಯುದು, ಅವ ಓಡುದು. ಹಮೀದ್ ಅದನ್ನು ನೋಡಿ ನಗುದು. ಹಾಗೆ ಆದ ಹೆಸರು ಅದು. ಈಗ ಬೀಡಿ ಇಲ್ಲ ಅವನಿಗೆ. ಅದೇ ಜಾಗದಲ್ಲಿ ಪೆನ್ಸಿಲು ಉಂಟು.

ಅಲೀಮಮ್ಮ, ಹೋಗಲಿ, ಕೇಳಲಿ. ಇನ್ನು ಕೊಡವಲಿಕ್ಕೆ ಲುಂಗಿಯೇ ಇಲ್ಲ ಅವಳಲ್ಲಿ.

ಹಾರ್ನು ಕೇಳ್ತಾ? ನಿಮ್ಮ ಬಸ್ಸು. ಏಳ್ಬೇಡಿ. ಅದು ಹೋಗ್ಲಿ ಟೀಚರೇ. ರಾತ್ರಿ ಇಲ್ಲೇ ನಿಲ್ಲಿ, ಹಾಸ್ಲಿಕ್ಕೆ ಚಾಪೆ ಉಂಟು, ಗಂಜಿಗೆ ಮೀನು ಉಂಟು. ಇದರ ನಂತರದ ಬಸ್ಸಿನಲ್ಲಿ ಉಸ್ಮಾನ್ ಬರ್ತಾನೆ. ಅವ ಒಳಗೆ ಬರುವಾಗ ನೀವು ಇಲ್ಲಿ ಇರ್ಬೇಕು. ನಾನೊಬ್ಬಳೇ ಇದ್ರೆ, ನನಗೆ ಗೊತ್ತುಂಟು, ಪುನಃ ಗಿಳಿ ಹಾರಿಸ್ತೇನೆ.

ಆ ಸನ್ನೆ ಇನ್ನೊಮ್ಮೆ ಮಾಡಿ ತೋರಿಸಿ. ಇಲ್ಲ, ಹಾಗಲ್ಲ. ಬೆರಳು ಇನ್ನೂ ಸ್ವಲ್ಪ ಹಿಂದೆ. ಹ್ಞಾ. ಹಾಗೆ.